ಕಲ್ಲಾದ ಎಲುಬು ಸಿಕ್ಕರೆ



ಹಿಂದೆ ಕೂತವರು ಸ್ವಲ್ಪ ಮುಂದೆ ಬನ್ನಿ. ಮಗು ಮಲಗಿದ್ದರೆ ಮಲಗಿರಲಿ, ಎಬ್ಬಿಸಬೇಡಿ. ಪುಸ್ತಕ ಮುಚ್ಚಿಡಿ. ಇವತ್ತು ಪಾಠ ಇಲ್ಲ, ಮಾತು ಮಾತ್ರ. ಈ ಮಾತನ್ನೇ ಆಮೇಲೆ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ ಕೊಡ್ತೀವಿ. ಆಗ ನೀವೇ ಓದಿಕೊಳ್ಳಬಹುದು.

ನಾವು ಒಂದು ಹಲ್ಲಿನ ಕಥೆಯಿಂದ ಶುರು ಮಾಡ್ತೀವಿ. ಇದು ನಮ್ಮದೇ ತಪ್ಪಿನ ಕಥೆ.

ಕೆಲವು ವರ್ಷಗಳ ಹಿಂದೆ, ಮಳೆಗಾಲ. ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬ ತಾಯಿ ಎಮ್ಮೆ ಮೇಯಿಸಲು ಹಳ್ಳದ ಕಡೆ ಹೋಗಿದ್ದರು. ಹೊಸ ನೀರು ಬಂದು ದಂಡೆ ಕುಸಿದಿತ್ತು. ಕುಸಿದ ಕಡೆ ಒಂದು ಹಲ್ಲು ಕಾಣಿಸಿತು. ಅಂಗೈ ಅಗಲದ ಹಲ್ಲು! ಎಮ್ಮೆಯ ಹಲ್ಲಿಗಿಂತ ಬಹಳ ದೊಡ್ಡದು. ಕಲ್ಲಿನ ಹಾಗೆ ಭಾರ. ಅವರು ಅದನ್ನು ಕಿತ್ತು, ಸೆರಗಿನಲ್ಲಿ ಕಟ್ಟಿಕೊಂಡು ತಂದು ನಮ್ಮ ಕೈಗೆ ಕೊಟ್ಟರು.

"ಟೀಚರ್, ಇದು ಯಾವ ದನದ್ದು?" ಎಂದು ಕೇಳಿದರು.

ನಮಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳಲು ನಾಚಿಕೆ ಆಯಿತು. "ನೋಡೋಣ ಬಿಡಿ" ಅಂದೆವು. ಸೋಪು ಹಾಕಿ ತಿಕ್ಕಿ ತೊಳೆದೆವು. ಶಾಲೆಯ ಬೀರುವಿನ ಮೇಲೆ, ಭೂಗೋಳದ ಪಕ್ಕ ಇಟ್ಟೆವು. ಬಂದವರೆಲ್ಲ ನೋಡಿದರು, ಹೊಗಳಿದರು. ಮಕ್ಕಳು ಮುಟ್ಟಿ ಮುಟ್ಟಿ ಒಂದು ಚೂರು ಒಡೆಯಿತು. ಒಂದು ಚೀಟಿ ಬರೆದು ಅದಕ್ಕೆ ಅಂಟಿಸಬೇಕು ಎಂದು ನಮಗೆ ಹೊಳೆಯಲೇ ಇಲ್ಲ. ನಿಮಗೆ ದಿನವೂ "ಬರೆಯಿರಿ, ಬರೆಯಿರಿ" ಎಂದು ಹೇಳುವವರು ನಾವೇ!

ಮರುವರ್ಷ ಶಾಲೆಗೆ ಸುಣ್ಣ ಬಳಿದರು. ಸಾಮಾನೆಲ್ಲ ಹೊರಗೆ ಹಾಕಿದರು. ಮತ್ತೆ ಒಳಗೆ ಇಡುವಾಗ ಹಲ್ಲು ಇರಲಿಲ್ಲ. ಕಲ್ಲು ಅಂತ ಯಾರೋ ಎಸೆದಿರಬೇಕು.

ಅದಾದ ಮೇಲೆ ಒಂದು ದಿನ ಭೂವಿಜ್ಞಾನ ಕಲಿಸುವ ಕಾಲೇಜು ಮೇಷ್ಟ್ರೊಬ್ಬರು ಬೇರೆ ಕೆಲಸಕ್ಕೆ ಬಂದಿದ್ದರು. ಮಾತಿಗೆ ಮಾತು ಬಂದು ಹಲ್ಲಿನ ವಿಷಯ ಹೇಳಿದೆವು. ಅವರು ಎದ್ದು ನಿಂತೇ ಬಿಟ್ಟರು. "ಎಲ್ಲಿ ಸಿಕ್ಕಿತು? ಯಾವ ಮಣ್ಣಿನಲ್ಲಿತ್ತು? ಎಷ್ಟು ಕೆಳಗೆ? ಅಕ್ಕಪಕ್ಕ ಏನಿತ್ತು?" ಎಂದು ಒಂದೇ ಉಸಿರಿನಲ್ಲಿ ಕೇಳಿದರು. ನಾವು "ಹಳ್ಳದಲ್ಲಿ" ಅಂದೆವು. ಹಳ್ಳ ಎಷ್ಟು ಉದ್ದ ಇದೆ ನಿಮಗೇ ಗೊತ್ತು. ತಂದುಕೊಟ್ಟ ತಾಯಿ ಆಗ ಕಬ್ಬು ಕಡಿಯಲು ಬೇರೆ ಜಿಲ್ಲೆಗೆ ಹೋಗಿದ್ದರು. ಮೇಷ್ಟ್ರು ಸುಮ್ಮನೆ ಕೂತರು. ಬಯ್ದಿದ್ದರೆ ಚೆನ್ನಾಗಿತ್ತು. ಬಯ್ಯಲಿಲ್ಲ.

ಆ ಹಲ್ಲು ಹೊಸದೋ, ಲಕ್ಷ ವರ್ಷ ಹಳೆಯದೋ, ಈಗ ಯಾರೂ ಹೇಳಲಾರರು. ಹಲ್ಲು ಕಳೆಯಿತು ಎನ್ನುವುದು ಒಂದು. ಹಲ್ಲು ಇದ್ದಿದ್ದರೂ ಅರ್ಧ ಮಾತ್ರ ಇರುತ್ತಿತ್ತು. ಇನ್ನರ್ಧ ಅದು ಸಿಕ್ಕ ಜಾಗದಲ್ಲಿತ್ತು. ಇವತ್ತು ನಾವು ಹೇಳುವುದು ಆ ಇನ್ನರ್ಧದ ವಿಷಯ.

ಮೊದಲು, ಎಲುಬು ಕಲ್ಲಾಗುವುದು ಹೇಗೆ? "ಎಲುಬು ಮಣ್ಣಾಗ್ತದೆ, ಕಲ್ಲಾಗೋದು ಎಲ್ಲಿಂದ ಬಂತು?" ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆಯೇ. ಸತ್ತ ಪ್ರಾಣಿ ಬಯಲಿನಲ್ಲಿ ಬಿದ್ದರೆ ನಾಯಿ, ನರಿ, ಹದ್ದು ತಿಂದು ಮುಗಿಸುತ್ತವೆ. ಉಳಿದ ಎಲುಬು ಬಿಸಿಲಿಗೆ, ಮಳೆಗೆ ಪುಡಿಯಾಗುತ್ತದೆ. ಆದರೆ ಒಮ್ಮೊಮ್ಮೆ ಪ್ರಾಣಿ ಹೊಳೆಯ ದಡದಲ್ಲಿ ಸಾಯುತ್ತದೆ. ಪ್ರವಾಹ ಬಂದು ಹೂಳು ಮುಚ್ಚುತ್ತದೆ. ಮಾಂಸ ಕೊಳೆತು ಹೋಗುತ್ತದೆ. ಎಲುಬು ಮಾತ್ರ ಕತ್ತಲೆಯಲ್ಲಿ ಉಳಿಯುತ್ತದೆ. ನೆಲದ ನೀರಿನಲ್ಲಿ ಸುಣ್ಣದಂಥ ಲವಣಗಳು ಕರಗಿರುತ್ತವೆ. ಬೋರ್‌ವೆಲ್ ನೀರು ಕಾಸಿದ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದಲ್ಲ, ಅದೇ. ಆ ಲವಣಗಳು ಎಲುಬಿನ ಸಣ್ಣ ಸಣ್ಣ ತೂತುಗಳೊಳಗೆ ಹೋಗಿ ಕೂರುತ್ತವೆ. ಸಾವಿರಾರು, ಲಕ್ಷಾಂತರ ವರ್ಷ ಹೀಗೇ ನಡೆದರೆ ಎಲುಬು ಕಲ್ಲಿನಂತಾಗುತ್ತದೆ. ಆಕಾರ ಮಾತ್ರ ಹಾಗೇ ಇರುತ್ತದೆ. ಇದಕ್ಕೆ ಪಳೆಯುಳಿಕೆ ಎನ್ನುತ್ತಾರೆ.

ಚಿಪ್ಪು, ಎಲೆ, ಮರ ಕೂಡ ಹೀಗೆ ಆಗುತ್ತವೆ. ಆದರೆ ಬೆನ್ನೆಲುಬು ಇರುವ ಪ್ರಾಣಿಗಳ ಪಳೆಯುಳಿಕೆ ಬಲು ಅಪರೂಪ. ಬೆನ್ನೆಲುಬು ಇರುವ ಪ್ರಾಣಿ ಅಂದರೆ ಮೀನು, ಕಪ್ಪೆ, ಹಾವು, ಹಕ್ಕಿ, ದನ, ಆನೆ, ನಾವು. ಒಂದು ಮೀನು ತಿಂದ ಮೇಲೆ ತಟ್ಟೆಯಲ್ಲಿ ಎಷ್ಟು ಮುಳ್ಳು ಉಳಿಯುತ್ತವೆ! ಅಷ್ಟೂ ಚೂರು ಒಂದೇ ಕಡೆ ಉಳಿದು ಕಲ್ಲಾಗಬೇಕು ಅಂದರೆ ಎಷ್ಟು ಅದೃಷ್ಟ ಬೇಕು, ನೀವೇ ಯೋಚಿಸಿ.

ನಮ್ಮ ಕರ್ನಾಟಕದಲ್ಲಿ ಇಂಥವು ಇನ್ನೂ ಕಡಿಮೆ. ಯಾಕೆ ಗೊತ್ತಾ? ನಮ್ಮ ಬಂಡೆಗಳು ತೀರಾ ಹಳೆಯವು. ಬೆಂಗಳೂರಿನ ಲಾಲ್‌ಬಾಗಿಗೆ ಹೋದವರು ಅಲ್ಲಿಯ ದೊಡ್ಡ ಬಂಡೆ ಹತ್ತಿರಬಹುದು. ಅದಕ್ಕೆ ಸುಮಾರು 300 ಕೋಟಿ ವರ್ಷ. ಆಗ ಭೂಮಿಯ ಮೇಲೆ ಎಲುಬುಳ್ಳ ಪ್ರಾಣಿಯೇ ಇರಲಿಲ್ಲ. ಇಲ್ಲದ ಎಲುಬು ಎಲ್ಲಿಂದ ಸಿಗಬೇಕು?

ಆದರೆ ನಮ್ಮ ಹೊಳೆ ಹಳ್ಳಗಳ ದಂಡೆಯ ಮಣ್ಣು ಅಷ್ಟು ಹಳೆಯದಲ್ಲ. ಅಲ್ಲಿ ಸಿಗುತ್ತವೆ. ಬೆಳಗಾವಿ ಜಿಲ್ಲೆಯ ಗೋಕಾಕದ ಹತ್ತಿರ ಹಳ್ಳದ ದಂಡೆಯಲ್ಲಿ ಘೇಂಡಾಮೃಗದ ಎಲುಬುಗಳು ಸಿಕ್ಕಿದ್ದವು. ಘೇಂಡಾಮೃಗ ಅಂದರೆ ಮೂಗಿನ ಮೇಲೆ ಕೊಂಬು ಇರುವ ದೊಡ್ಡ ಪ್ರಾಣಿ. ಈಗ ಅದನ್ನು ಕಾಡಿನಲ್ಲಿ ನೋಡಬೇಕಾದರೆ ಅಸ್ಸಾಮಿನ ಕಡೆಗೆ ಹೋಗಬೇಕು. ಒಂದು ಕಾಲಕ್ಕೆ ಅದು ಘಟಪ್ರಭೆಯ ಸೀಮೆಯಲ್ಲಿ ಹುಲ್ಲು ಮೇಯುತ್ತಿತ್ತು! ರಾಬರ್ಟ್ ಬ್ರೂಸ್ ಫೂಟ್ ಎಂಬ ಸರ್ಕಾರಿ ಭೂವಿಜ್ಞಾನಿ 1874ರಲ್ಲಿ ಅದರ ವಿವರ ಬರೆದು ಅಚ್ಚು ಹಾಕಿಸಿದರು. ಬರೆದದ್ದಕ್ಕೇ ಇವತ್ತು ನಾವು ಹೇಳುತ್ತಿದ್ದೇವೆ.

ಇನ್ನೊಂದು ಊರು ಇಸಾಂಪುರ. ಯಾದಗಿರಿ ಜಿಲ್ಲೆಯಲ್ಲಿದೆ. ಅಲ್ಲಿ ಆದಿಮಾನವರು ಕಲ್ಲು ಒಡೆದು ಕೊಡಲಿಯಂಥ ಹತ್ಯಾರು ಮಾಡುತ್ತಿದ್ದ ಜಾಗವಿದೆ. ಪುಣೆಯ ಡೆಕ್ಕನ್ ಕಾಲೇಜಿನ ಪ್ರೊಫೆಸರ್ ಕೆ. ಪದ್ದಯ್ಯ ಮತ್ತು ಅವರ ಜೊತೆಯವರು ಅಲ್ಲಿ ಅಗೆದರು. ಕಲ್ಲಿನ ಹತ್ಯಾರಿಗೆ ಎಷ್ಟು ವಯಸ್ಸು ಎಂದು ಕಲ್ಲನ್ನು ಕೇಳಿದರೆ ಹೇಳುತ್ತದೆಯೇ? ಹೇಳಲಿಲ್ಲ. ಹೇಳಿದ್ದು ಹಲ್ಲು. ಹತ್ಯಾರುಗಳ ಜೊತೆಯಲ್ಲೇ, ಅದೇ ಮಣ್ಣಿನಲ್ಲಿ ದನದ ಜಾತಿಯ ಪ್ರಾಣಿಯ ಹಲ್ಲುಗಳು ಇದ್ದವು. ಹಲ್ಲಿನ ಮೇಲಿನ ಗಟ್ಟಿ ಪದರವನ್ನು ಪರೀಕ್ಷೆ ಮಾಡಿದರು. ಸುಮಾರು 12 ಲಕ್ಷ ವರ್ಷ ಎಂದು ಲೆಕ್ಕ ಸಿಕ್ಕಿತು. ಆ ಹಲ್ಲುಗಳನ್ನು ಮೊದಲೇ ಯಾರಾದರೂ ಕಿತ್ತು, ತಿಕ್ಕಿ ತೊಳೆದು, ಬೀರುವಿನ ಮೇಲೆ ಇಟ್ಟಿದ್ದರೆ? ನಮ್ಮಂಥ ಟೀಚರ್ ಅಲ್ಲಿ ಇರಲಿಲ್ಲ, ಪುಣ್ಯ.

ಈಗ ನಿಮ್ಮನ್ನು ಗುಜರಾತಿಗೆ ಕರೆದುಕೊಂಡು ಹೋಗ್ತೀವಿ. ದೂರ ಆಯಿತು ಅನ್ನಬೇಡಿ. ನಮ್ಮ ವಿಜಯಪುರ, ಕಲಬುರಗಿ, ಬೀದರ ಕಡೆಯ ಎರೆ ಭೂಮಿ ಗೊತ್ತಲ್ಲ? ಜೋಳ ಬೆಳೆಯುವ ಕರಿಮಣ್ಣು. ಆರೂವರೆ ಕೋಟಿ ವರ್ಷಗಳ ಹಿಂದೆ ನೆಲ ಬಾಯಿಬಿಟ್ಟು ಬೆಂಕಿಯಂಥ ಲಾವಾ ಹರಿಯಿತು. ಅದು ಆರಿ ಕರಿಕಲ್ಲಾಯಿತು. ಕರಿಕಲ್ಲು ಸವೆದು ಎರೆ ಮಣ್ಣಾಯಿತು. ಅದೇ ಕರಿಕಲ್ಲು ಮಹಾರಾಷ್ಟ್ರ, ಮಧ್ಯಪ್ರದೇಶ, ಗುಜರಾತಿನವರೆಗೂ ಹಾಸಿಕೊಂಡಿದೆ. ಗುಜರಾತ್, ಮಧ್ಯಪ್ರದೇಶದ ಕೆಲವು ಕಡೆ ಆ ಕರಿಕಲ್ಲಿನ ಅಡಿಯಲ್ಲಿ ಸುಣ್ಣಕಲ್ಲು, ಮರಳುಕಲ್ಲಿನ ಪದರ ಇದೆ. ಅದರಲ್ಲಿ ಡೈನೋಸಾರ್ ಎಂಬ ದೈತ್ಯ ಪ್ರಾಣಿಗಳ ಎಲುಬು, ಮೊಟ್ಟೆ ಇವೆ. ಮೊಟ್ಟೆ ಅಂದರೆ ಕಲ್ಲಿನ ಮೊಟ್ಟೆ, ಸಣ್ಣ ತೆಂಗಿನಕಾಯಿ ಗಾತ್ರದ್ದು.

ಗುಜರಾತಿನ ಬಾಲಾಸಿನೋರ್ ಪಟ್ಟಣದ ಹತ್ತಿರ ರೈಯೋಲಿ ಎಂಬ ಹಳ್ಳಿ. 1980ರ ದಶಕದ ಆರಂಭದಲ್ಲಿ ಅಲ್ಲಿ ಇಂಥ ಎಲುಬು, ಮೊಟ್ಟೆಗಳು ಸಿಕ್ಕವು. ಊರಿನವರಿಗೆ ಅವು ದಿನವೂ ಕಾಣುವ ಕಲ್ಲು. ಬಾಲಾಸಿನೋರಿನ ಹಿಂದಿನ ನವಾಬರ ಮನೆತನದ ಆಲಿಯಾ ಸುಲ್ತಾನಾ ಬಾಬಿ ಈ ಜಾಗವನ್ನು ಉಳಿಸಲು ಬಹಳ ಓಡಾಡಿದವರು. ಒಂದು ಮನೆಯಲ್ಲಿ ಅಜ್ಜಿಯೊಬ್ಬರು ಡೈನೋಸಾರ್ ಮೊಟ್ಟೆಯಿಂದ ಮಸಾಲೆ ಅರೆಯುತ್ತಿದ್ದರಂತೆ. ಇದನ್ನು ಆಲಿಯಾ ಅವರೇ ಪತ್ರಿಕೆಯವರಿಗೆ ಹೇಳಿದ್ದಾರೆ. ನಗಬೇಡಿ. ಉರುಟಾದ, ನುಣುಪಾದ, ಕೈಗೆ ಒಪ್ಪುವ ಕಲ್ಲು ಸಿಕ್ಕರೆ ನಾವಾದರೂ ಬಿಡ್ತಿದ್ದೆವಾ? ಅಜ್ಜಿಯ ತಪ್ಪೇನೂ ಇಲ್ಲ. ಅದು ಏನು ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಈಗ ಮುಖ್ಯ ಮಾತಿಗೆ ಬರ್ತೀವಿ. ರೈಯೋಲಿಯಲ್ಲಿ 1982ರಿಂದ 1984ರ ತನಕ ಸುರೇಶ್ ಶ್ರೀವಾಸ್ತವ ಎಂಬ ಭೂವಿಜ್ಞಾನಿ ಎಲುಬು ತೆಗೆದರು. ಅವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯವರು. ನೂರಾರು ಎಲುಬು, ಬೇರೆ ಬೇರೆ ಪ್ರಾಣಿಗಳದ್ದು, ಒಂದರ ಮೇಲೊಂದು. ಮದುವೆ ಮನೆಯಲ್ಲಿ ಎಲ್ಲರ ಚಪ್ಪಲಿ ಒಂದೇ ಕಡೆ ರಾಶಿ ಬಿದ್ದ ಹಾಗೆ. ಶ್ರೀವಾಸ್ತವ ಅವರು ಬರೀ ತೆಗೆಯಲಿಲ್ಲ. ಯಾವ ಎಲುಬು ಎಲ್ಲಿತ್ತು, ಯಾವುದರ ಪಕ್ಕ ಯಾವುದು ಇತ್ತು ಎಂದು ನಕ್ಷೆ ಬರೆದರು. ಎಲುಬು ಮತ್ತು ನಕ್ಷೆ ಜೈಪುರದ ಕಚೇರಿ ಸೇರಿದವು. ಹದಿನೇಳು ವರ್ಷ ಹಾಗೇ ಇದ್ದವು.

2001ರಲ್ಲಿ ನಮ್ಮ ದೇಶದ ಮತ್ತು ಅಮೆರಿಕದ ವಿಜ್ಞಾನಿಗಳು ಸೇರಿ ಆ ಎಲುಬುಗಳನ್ನು ಮತ್ತೆ ನೋಡಿದರು. ನಕ್ಷೆಯನ್ನು ಬಿಚ್ಚಿದರು. ತಲೆಯ ಎಲುಬು ಇಲ್ಲಿ, ಬೆನ್ನಿನದು ಅಲ್ಲಿ, ಸೊಂಟದ್ದು ಪಕ್ಕದಲ್ಲಿ. ಹಾಗಾದರೆ ಇವೆಲ್ಲ ಒಂದೇ ಪ್ರಾಣಿಯದ್ದು! ಮಾಂಸ ತಿನ್ನುವ, ಹಣೆಯ ಮೇಲೆ ಗಿಡ್ಡ ಕೊಂಬು ಇರುವ ಹೊಸ ಡೈನೋಸಾರ್. 2003ರಲ್ಲಿ ಅದಕ್ಕೆ ರಾಜಸಾರಸ್ ನರ್ಮದೆನ್ಸಿಸ್ ಎಂದು ಹೆಸರಿಟ್ಟರು. ನರ್ಮದಾ ನದಿಯ ಸೀಮೆಯ ರಾಜ ಎಂದು ಅರ್ಥ. ಯೋಚನೆ ಮಾಡಿ. ನಕ್ಷೆ ಬರೆಯದೆ ಎಲುಬು ಮಾತ್ರ ಮೂಟೆ ಕಟ್ಟಿ ತಂದಿದ್ದರೆ ಯಾವ ಚಪ್ಪಲಿ ಯಾರದು ಎಂದು ಹೇಳುವವರು ಯಾರು?

ಇನ್ನೊಂದು ಕಥೆ ಇದೆ. ನಮಗೆ ಇದು ಹೆಚ್ಚು ಇಷ್ಟ. ಗುಜರಾತಿನ ಧೋಲಿ ಡುಂಗ್ರಿ ಎಂಬ ಊರು. ಅಲ್ಲಿ ಧನಂಜಯ ಮೊಹಬೆ ಎಂಬ ಭೂವಿಜ್ಞಾನಿಗೆ 1980ರ ದಶಕದಲ್ಲಿ ಡೈನೋಸಾರ್ ಗೂಡು ಸಿಕ್ಕಿತು. ಅವರು ಮೊಟ್ಟೆಗಳನ್ನು ಬಿಡಿಬಿಡಿಯಾಗಿ ಕೀಳಲಿಲ್ಲ. ಕಲ್ಲಿನ ಸಮೇತ ಇಡೀ ತುಂಡು ತೆಗೆದರು. ಮೊಟ್ಟೆಯ ಪಕ್ಕ ಸಣ್ಣ ಎಲುಬುಗಳು ಇದ್ದವು. ಎಲ್ಲ ಮರಿಯ ಎಲುಬು ಎಂದು ಅವರು ತಿಳಿದರು. 2001ರಲ್ಲಿ ಜೆಫ್ ವಿಲ್ಸನ್ ಎಂಬ ಅಮೆರಿಕದ ವಿಜ್ಞಾನಿ ಅದೇ ಕಲ್ಲನ್ನು ನೋಡಿದರು. ಕೆಲವು ಎಲುಬು ಮರಿಯದ್ದಲ್ಲ. ಹಾವಿನದು! ಸುಮಾರು ಮೂರೂವರೆ ಮೀಟರ್ ಉದ್ದದ ಹಾವು. ಒಡೆದ ಮೊಟ್ಟೆಯನ್ನು ಸುತ್ತಿಕೊಂಡು ಕೂತಿತ್ತು. ಪಕ್ಕದಲ್ಲಿ ಆಗ ತಾನೇ ಹೊರಬಂದ ಮರಿ. ಮರಿ ಅರ್ಧ ಮೀಟರ್ ಉದ್ದ, ನಮ್ಮ ಮೊಣಕೈಯಿಂದ ಬೆರಳ ತುದಿಯಷ್ಟು. ತಾಯಿ ಮಾತ್ರ ಎಷ್ಟೋ ಆನೆಗಳ ತೂಕದ್ದು. ಹಾವು ಮರಿಯನ್ನು ತಿನ್ನಲು ಬಂದಿತ್ತು. ಅಷ್ಟರಲ್ಲಿ ಮಣ್ಣು ಬಂದು ಮುಚ್ಚಿತು. ಹಾವು, ಮರಿ, ಮೊಟ್ಟೆ ಮೂರೂ ಹಾಗೇ ಉಳಿದವು. ಆರೂಮುಕ್ಕಾಲು ಕೋಟಿ ವರ್ಷ! 2010ರಲ್ಲಿ ಈ ಸುದ್ದಿ ಲೋಕಕ್ಕೆಲ್ಲ ಗೊತ್ತಾಯಿತು. ಹಾವಿಗೆ ಸನಾಜೇ ಎಂದು ಹೆಸರಿಟ್ಟರು.

ನಮ್ಮ ಹಿತ್ತಲಲ್ಲೂ ಹಾವು ಕೋಳಿಗೂಡಿಗೆ ಬರುತ್ತದೆ, ಅಲ್ವಾ? ಅದೇ ಕಥೆ, ಅಷ್ಟು ಹಿಂದೆಯೂ. ಯಾರಾದರೂ ಒಂದು ಮೊಟ್ಟೆ ಚೆನ್ನಾಗಿದೆ ಎಂದು ಎತ್ತಿಕೊಂಡು ಹೋಗಿದ್ದರೆ ಈ ಕಥೆ ಸತ್ತೇ ಹೋಗುತ್ತಿತ್ತು.

ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ ಇನ್ನೊಂದು ಕೆಲಸ ನಡೆಯಿತು. ಅದರಲ್ಲಿ ಮುಂದೆ ನಿಂತವರು ಒಬ್ಬ ಹೆಣ್ಣುಮಗಳು, ದೆಹಲಿ ವಿಶ್ವವಿದ್ಯಾಲಯದ ಹರ್ಷಾ ಧೀಮಾನ್. ಅವರ ತಂಡ 92 ಗೂಡುಗಳನ್ನು, 256 ಮೊಟ್ಟೆಗಳನ್ನು ಎಣಿಸಿ ಗುರುತು ಮಾಡಿತು. 2023ರ ಜನವರಿಯಲ್ಲಿ ಅದರ ವರದಿ ಬಂತು. ಗೂಡುಗಳು ಒಂದಕ್ಕೊಂದು ತೀರಾ ಹತ್ತಿರ ಇದ್ದವು. ಅಷ್ಟು ದೊಡ್ಡ ತಾಯಿ ಅಲ್ಲಿ ಕೂತು ಕಾವು ಕೊಡಲು ಜಾಗವೇ ಇಲ್ಲ. ಹಾಗಾಗಿ ಮೊಟ್ಟೆ ಇಟ್ಟು ಹೋಗಿಬಿಡುತ್ತಿದ್ದವು, ಆಮೆಯ ಹಾಗೆ, ಎಂದು ಅವರು ತಿಳಿದರು. ಮೊಟ್ಟೆ ಒಡೆದು ನೋಡಿ ತಿಳಿದದ್ದಲ್ಲ ಇದು. ಗೂಡಿನಿಂದ ಗೂಡಿಗೆ ಎಷ್ಟು ದೂರ ಎಂದು ಅಳೆದು ತಿಳಿದದ್ದು.

ಈಗ ಸರ್ವೆ ಅಂದರೆ ಏನು? ಸರ್ವೆ ಅಂದ ತಕ್ಷಣ ನಮಗೆ ಸರಪಳಿ ಹಿಡಿದು ಹೊಲ ಅಳೆಯುವವರು ನೆನಪಾಗ್ತಾರೆ. ಎದೆ ಧಸಕ್ ಅನ್ನುತ್ತದೆ. ಇದು ಆ ಸರ್ವೆ ಅಲ್ಲ. ಎಲುಬು ಹುಡುಕುವವರು ಹೆಚ್ಚಾಗಿ ನಡೆಯುತ್ತಾರೆ. ಸಾಲಾಗಿ ನಿಂತು, ತಲೆ ತಗ್ಗಿಸಿ, ನಿಧಾನ ನಡೆಯುತ್ತಾರೆ. ಮಳೆ ಹೊಡೆದು ತೊಳೆದ ಇಳಿಜಾರು, ಹಳ್ಳದ ಕೊರಕಲು, ಹೊಸದಾಗಿ ಕುಸಿದ ದಂಡೆ, ಇಂಥ ಕಡೆ ನೋಡುತ್ತಾರೆ. ಕೆಳಗೆ ಒಂದು ಚೂರು ಸಿಕ್ಕರೆ ಮೇಲಕ್ಕೆ ಹತ್ತುತ್ತಾರೆ. ಯಾಕಂದರೆ ಚೂರು ಮೇಲಿನಿಂದ ಉರುಳಿ ಬಂದಿರುತ್ತದೆ. ಬಿದ್ದ ಕಾಳು ನೋಡಿಕೊಂಡು ತೂತು ಬಿದ್ದ ಚೀಲ ಹುಡುಕುತ್ತೇವಲ್ಲ, ಹಾಗೆ.

ಎಲುಬು ಹೊರಗೆ ಕಂಡ ಮೇಲೂ ಗುದ್ದಲಿ ಹಾಕುವುದಿಲ್ಲ. ಮೊದಲು ದಾರ ಕಟ್ಟಿ ಚೌಕ ಚೌಕ ಮಾಡುತ್ತಾರೆ. ನೀವು ಅಂಗಳದಲ್ಲಿ ಚುಕ್ಕಿ ಇಟ್ಟು ರಂಗೋಲಿ ಹಾಕ್ತೀರಿ. ಎಷ್ಟನೇ ಸಾಲಿನ ಎಷ್ಟನೇ ಚುಕ್ಕಿ ಎಂದು ನಿಮಗೆ ತಪ್ಪುವುದಿಲ್ಲ. ಅದೇ ಲೆಕ್ಕ. ಯಾವ ಚೌಕದಲ್ಲಿ ಯಾವ ಎಲುಬು, ಕಾಗದದ ಮೇಲೂ ಅದೇ ಚೌಕದಲ್ಲಿ ಬರೆಯುತ್ತಾರೆ. ಫೋಟೋ ತೆಗೆಯುತ್ತಾರೆ. ಆಮೇಲೆ ಬ್ರಷ್ಷು, ಸೂಜಿಯಂಥ ಸಣ್ಣ ಹತ್ಯಾರು ಹಿಡಿದು ಮಣ್ಣು ಬಿಡಿಸುತ್ತಾರೆ. ಬಿರುಕು ಬಿಟ್ಟ ಎಲುಬಿಗೆ ಅಂಟು ಕುಡಿಸುತ್ತಾರೆ. ಗೋಣಿಬಟ್ಟೆಯ ಪಟ್ಟಿಯನ್ನು ಪ್ಲಾಸ್ಟರ್ ನೀರಿನಲ್ಲಿ ಅದ್ದಿ ಎಲುಬಿನ ಸುತ್ತ ಸುತ್ತುತ್ತಾರೆ. ಕೈ ಮುರಿದರೆ ಆಸ್ಪತ್ರೆಯಲ್ಲಿ ಹಾಕುವ ಕಟ್ಟು ನೋಡಿದ್ದೀರಲ್ಲ, ಹಾಗೆಯೇ. ಅದರ ಮೇಲೆ ನಂಬರು ಬರೆದು ಸಾಗಿಸುತ್ತಾರೆ. ಕೆಲವು ಕಡೆ ತೆಗೆಯುವುದೇ ಇಲ್ಲ. ನೋಡಿ, ಬರೆದು, ಮತ್ತೆ ಮಣ್ಣು ಮುಚ್ಚಿ ಬರುತ್ತಾರೆ. ಮಣ್ಣಿನೊಳಗೆ ಅಷ್ಟು ದಿನ ಉಳಿದದ್ದು ಇನ್ನಷ್ಟು ದಿನ ಉಳಿಯುತ್ತದೆ.

ಈ ಕೆಲಸಕ್ಕೆ ದೊಡ್ಡ ಓದು ಬೇಕೇ ಬೇಕು ಅನ್ನಬೇಡಿ. ಇಂಗ್ಲೆಂಡಿನಲ್ಲಿ ಮೇರಿ ಆನಿಂಗ್ ಎಂಬ ಹೆಣ್ಣುಮಗಳಿದ್ದಳು. ಹುಟ್ಟಿದ್ದು 1799ರಲ್ಲಿ. ಬಡಗಿಯ ಮಗಳು. ಹನ್ನೊಂದು ವರ್ಷವಾಗಿದ್ದಾಗ ತಂದೆ ತೀರಿಕೊಂಡ. ಮನೆಯಲ್ಲಿ ಸಾಲ. ಸಮುದ್ರದ ದಂಡೆಯ ಗುಡ್ಡದಿಂದ ಉದುರುವ ಪಳೆಯುಳಿಕೆ ಆರಿಸಿ ಮಾರಿ ಹೊಟ್ಟೆ ಹೊರೆದಳು. ಓದು ಬರಹ ಕಲಿತದ್ದು ಚರ್ಚಿನ ಭಾನುವಾರದ ಶಾಲೆಯಲ್ಲಿ. ಅಷ್ಟೇ ಶಾಲೆ. ಆಮೇಲೆ ವಿಜ್ಞಾನಿಗಳ ಬರಹಗಳನ್ನು ಕೈಯಿಂದ ನಕಲು ಮಾಡಿಕೊಂಡು ತಾನೇ ಕಲಿತಳು. ಅಣ್ಣನ ಜೊತೆ ಸೇರಿ 1811, 1812ರಲ್ಲಿ ಇಕ್ತಿಯೋಸಾರ್ ಎಂಬ ಕಡಲ ಪ್ರಾಣಿಯ ಎಲುಬಿನ ಗೂಡು ತೆಗೆದಳು. 1823ರಲ್ಲಿ ಪ್ಲೀಸಿಯೋಸಾರ್ ಎಂಬ ಇನ್ನೊಂದನ್ನು ಪತ್ತೆ ಮಾಡಿದಳು. 1833ರಲ್ಲಿ ಗುಡ್ಡ ಕುಸಿದು ಅವಳ ನಾಯಿ ಕಣ್ಣೆದುರೇ ಸತ್ತಿತು. ಅವಳು ಸ್ವಲ್ಪದರಲ್ಲಿ ಉಳಿದಳು. ದೊಡ್ಡ ಗಂಡಸರು ಅವಳಿಂದ ಕೊಂಡು ತಮ್ಮ ಹೆಸರಿನಲ್ಲಿ ಬರೆದರು. ಲಂಡನ್ನಿನ ಭೂವಿಜ್ಞಾನಿಗಳ ಸಂಘ 1919ರವರೆಗೆ ಹೆಂಗಸರನ್ನು ಸದಸ್ಯರಾಗಿ ಸೇರಿಸಿಕೊಳ್ಳಲೇ ಇಲ್ಲ. ಅವಳು 1847ರಲ್ಲೇ ತೀರಿಕೊಂಡಿದ್ದಳು.

ಅವಳ ಕಾಲದಲ್ಲಿ ಮಾರುವುದು ತಪ್ಪಾಗಿರಲಿಲ್ಲ. ಈಗ ಬೇರೆ ಬೇರೆ ದೇಶಗಳು ಕಾನೂನು ಮಾಡಿವೆ. ಅಮೆರಿಕದಲ್ಲಿ 2009ರಲ್ಲಿ ಒಂದು ಕಾನೂನು ಬಂತು. ಅಲ್ಲಿ ಕೇಂದ್ರ ಸರ್ಕಾರದ ಜಮೀನಿನಲ್ಲಿ ಬೆನ್ನೆಲುಬುಳ್ಳ ಪ್ರಾಣಿಯ ಪಳೆಯುಳಿಕೆಯನ್ನು ಪರವಾನಗಿ ಇಲ್ಲದೆ ತೆಗೆಯುವಂತಿಲ್ಲ. ಚಿಪ್ಪು, ಎಲೆಯ ಅಚ್ಚು ಇಂಥವನ್ನು ಕೆಲವು ಕಡೆ ಸ್ವಲ್ಪ ಒಯ್ಯಬಹುದು. ಎಲುಬನ್ನು ಮಾತ್ರ ಮುಟ್ಟಬಾರದು. ಅದು ಜನರ ಸ್ವತ್ತು. ನಮ್ಮಲ್ಲಿ ಕೇಂದ್ರದ ಗಣಿ ಸಚಿವಾಲಯ 2022ರ ಕೊನೆಯಲ್ಲಿ ಇಂಥ ಜಾಗಗಳನ್ನು ಕಾಪಾಡಲು ಒಂದು ಮಸೂದೆಯ ಕರಡು ಮಾಡಿ ಜನರ ಅಭಿಪ್ರಾಯ ಕೇಳಿತು. ರೈಯೋಲಿಯಲ್ಲಿ 2019ರಲ್ಲಿ ವಸ್ತುಸಂಗ್ರಹಾಲಯ ತೆರೆಯಿತು. ಕಾನೂನು ಒಂದು ಕಡೆ. ಹಳ್ಳದ ದಂಡೆಯಲ್ಲಿ ಮರಳು ತುಂಬುವ ಯಂತ್ರ ಇನ್ನೊಂದು ಕಡೆ. ಯಂತ್ರ ಬರುವ ಮೊದಲು ಹಳ್ಳದಲ್ಲಿ ಇರುವವರು ಯಾರು? ಎಮ್ಮೆ ಕಾಯುವವರು, ಸೌದೆ ಆರಿಸುವವರು, ಬಟ್ಟೆ ಒಗೆಯುವವರು. ನೀವು.

ಹಾಗಾದರೆ ಕಲ್ಲಾದ ಎಲುಬು ಕಂಡರೆ ಗುರುತು ಹೇಗೆ? ಒಡೆದ ತುದಿ ನೋಡಿ. ಕಲ್ಲಾದರೆ ಒಳಗೂ ಹೊರಗೂ ಒಂದೇ ಥರ ಇರುತ್ತದೆ. ಎಲುಬಾದರೆ ಒಳಗೆ ಸಣ್ಣ ಸಣ್ಣ ತೂತು, ಜೇನುಗೂಡಿನ ಹಾಗೆ, ಸುತ್ತ ಗಟ್ಟಿ ಪದರ. ಕೆಲವು ಭೂವಿಜ್ಞಾನಿಗಳು ನಾಲಿಗೆಗೆ ಮುಟ್ಟಿಸಿ ನೋಡುತ್ತಾರೆ. ಹಳೆಯ ಎಲುಬು ನಾಲಿಗೆಗೆ ಅಂಟುತ್ತದೆ. ನೀವು ಅದನ್ನು ಮಾಡಬೇಡಿ. ಹಳ್ಳದಲ್ಲಿ ಏನೇನು ಹರಿದು ಬರುತ್ತದೆ ಎಂದು ನಮಗೆ ಗೊತ್ತಿದೆ.

ಕಂಡ ಮೇಲೆ ಕೀಳಬೇಡಿ. ತೊಳೆಯಬೇಡಿ. ಕುಂಕುಮ ಹಚ್ಚಬೇಡಿ ಎಂದರೆ ಕೆಲವರಿಗೆ ಬೇಸರ ಆಗಬಹುದು. ದೂರದಿಂದ ಕೈ ಮುಗಿಯಿರಿ, ಅದರಿಂದ ಎಲುಬಿಗೆ ಏನೂ ಆಗುವುದಿಲ್ಲ. ದನದ ಕಾಲಿಗೆ ಸಿಗುವಂತಿದ್ದರೆ ಮೇಲೆ ಒಂದಿಷ್ಟು ಮುಳ್ಳು ಹಾಕಿ. ಆಮೇಲೆ ಮನೆಗೆ ಬಂದು ಬರೆಯಿರಿ. ಯಾವ ದಿನ, ಯಾವ ದಂಡೆ, ಯಾವ ಮರದಿಂದ ಎಷ್ಟು ಹೆಜ್ಜೆ, ಯಾವ ಬಣ್ಣದ ಮಣ್ಣು. ಸರ್ವೆ ನಂಬರು ಗೊತ್ತಿದ್ದರೆ ಅದನ್ನೂ ಬರೆಯಿರಿ. ಮನೆಯಲ್ಲಿ ಫೋನು ಇದ್ದರೆ ಮಗನಿಗೋ ಮಗಳಿಗೋ ಹೇಳಿ ಫೋಟೋ ತೆಗೆಸಿ. ಪಕ್ಕದಲ್ಲಿ ಒಂದು ಬಳೆ ಇಟ್ಟರೆ ಎಷ್ಟು ದೊಡ್ಡದು ಎಂದು ತಿಳಿಯುತ್ತದೆ. ಚೀಟಿಯನ್ನು ಶಾಲೆಗೆ ಅಥವಾ ಪಂಚಾಯ್ತಿಗೆ ಕೊಡಿ. ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ಕಚೇರಿ ಬೆಂಗಳೂರಿನಲ್ಲಿದೆ. ಅಲ್ಲಿಗೆ ಬರೆಯುವುದು ನಮ್ಮ ಕೆಲಸ.

ಒಂದು ಮಾತು ಉಳಿಯಿತು. ಹೋದ ವಾರ ಇದನ್ನೇ ಪಕ್ಕದ ಕೇಂದ್ರದಲ್ಲಿ ಹೇಳಿದಾಗ ಒಬ್ಬ ಅಕ್ಕ ಕೇಳಿದರು. "ಹೇಳಿದರೆ ಬಂದು ಬೇಲಿ ಹಾಕ್ತಾರೆ. ಗೋಮಾಳ ಹೋಗ್ತದೆ. ನಮ್ಮ ಎಮ್ಮೆ ಎಲ್ಲಿ ಮೇಯಬೇಕು? ಸುಮ್ಮನಿರೋದೇ ಒಳ್ಳೇದಲ್ವಾ?"

ಇದು ಸುಳ್ಳು ಭಯ ಅಲ್ಲ. ರೈಯೋಲಿಯಲ್ಲಿ ಬೇಲಿ ಹಾಕಿದ್ದಾರೆ. ಅಲ್ಲಿ ನೂರಾರು ಎಲುಬು, ಮೊಟ್ಟೆ ಇವೆ. ಜನ ಬಂದು ಮೊಟ್ಟೆ ಎತ್ತಿಕೊಂಡು ಹೋಗುತ್ತಿದ್ದರು. ಹಳ್ಳದ ದಂಡೆಯ ಒಂದು ಹಲ್ಲಿಗೆ, ಒಂದು ಎಲುಬಿಗೆ ಯಾರೂ ಗೋಮಾಳಕ್ಕೆ ಬೇಲಿ ಹಾಕುವುದಿಲ್ಲ. ಕೆಲವು ದಿನ ಬಂದು, ಕೆಲಸ ಮುಗಿಸಿ ಹೋಗುತ್ತಾರೆ. ಒಂದು ವೇಳೆ ಬೇಲಿ ಮಾತು ಬಂದರೆ ಗ್ರಾಮಸಭೆ ಇದೆ. ಅಲ್ಲಿ ನಾವೆಲ್ಲ ಹೋಗೋಣ. ದನಕ್ಕೆ ದಾರಿ ಬಿಡಿ, ನೀರಿಗೆ ದಾರಿ ಬಿಡಿ ಎಂದು ಕೇಳೋಣ. ಅರ್ಜಿಯನ್ನು ನೀವೇ ಬರೆಯಬಹುದು, ಸಹಿ ನಿಮ್ಮದೇ. ಹೆಬ್ಬೆಟ್ಟು ಒತ್ತುವ ಕಾಲ ಹೋಯಿತಲ್ಲ. ಆ ಅಕ್ಕನಿಗೆ ಈ ಉತ್ತರ ಪೂರ್ತಿ ಒಪ್ಪಿಗೆ ಆದ ಹಾಗೆ ಕಾಣಲಿಲ್ಲ. ಆದರೂ ನಾವು ಇದನ್ನೇ ಹೇಳ್ತೀವಿ.

ಹಲ್ಲು ತಂದುಕೊಟ್ಟ ತಾಯಿ ಇವತ್ತು ಇಲ್ಲೇ ಕೂತಿದ್ದಾರೆ. ಹೆಸರು ಹೇಳಬೇಡಿ ಎಂದಿದ್ದಾರೆ, ಹೇಳುವುದಿಲ್ಲ. ಹೋದ ತಿಂಗಳು ಅವರು ಒಂದು ಚೀಟಿ ಬರೆದು ತಂದರು. ಯಾರ ಸಹಾಯವೂ ಇಲ್ಲದೆ ಬರೆದದ್ದು. ಒಂದು ಒತ್ತಕ್ಷರ ತಪ್ಪಿತ್ತು, ನಾವು ತಿದ್ದಲಿಲ್ಲ. ಓದ್ತೀವಿ ಕೇಳಿ:

"ಹಳ್ಳದ ಬಲದಂಡೆ. ದೊಡ್ಡ ಜಾಲಿ ಮರದಿಂದ ಕೆಳಕ್ಕೆ 40 ಹೆಜ್ಜೆ. ಮೇಲೆ ಕರಿಮಣ್ಣು. ಅದರ ಕೆಳಗೆ ಗರಸು. ಹಲ್ಲು ಗರಸಿನಲ್ಲಿ ಇತ್ತು. ನನ್ನ ಎದೆಯ ಎತ್ತರ. ಪಕ್ಕದಲ್ಲಿ ಬಿಳಿ ಚೂರು ಇದ್ದವು. ಅವನ್ನು ನಾನು ತರಲಿಲ್ಲ."

ಈ ಚೀಟಿಯ ನಕಲನ್ನು ಕಾಲೇಜು ಮೇಷ್ಟ್ರಿಗೆ ಕಳಿಸಿದೆವು. ಮಳೆ ನಿಂತ ಮೇಲೆ ಬರುತ್ತೇವೆ ಎಂದು ಉತ್ತರ ಬಂದಿದೆ. ದಂಡೆ ಮತ್ತೆ ಕುಸಿದಿದೆಯೋ ಏನೋ ನೋಡಬೇಕು. ಬರುವ ಭಾನುವಾರ ಹಾಲು ಕರೆದ ಮೇಲೆ ನಾವೆಲ್ಲ ಆ ಜಾಲಿ ಮರದ ಹತ್ತಿರ ಸೇರೋಣ. ಕುಡಿಯುವ ನೀರು ತನ್ನಿ, ಪೆನ್ಸಿಲ್ ತನ್ನಿ. ಗುದ್ದಲಿ, ಕುಡುಗೋಲು ಯಾರೂ ತರಬೇಡಿ.